ಎರಡು ಬೆರಳಿನ ತಪ್ಪು

ಒಂದು ಸುಳ್ಳನ್ನು ಎಂಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಅಂಥ ದೊಡ್ಡ ಕೆಲಸವೇನಲ್ಲ. ಅದನ್ನು ಹೊತ್ತುಕೊಂಡು ಬೆಟ್ಟ ಹತ್ತುವುದಿದೆಯಲ್ಲ, ಅದು ಕಷ್ಟ. ಮಾಸ್ಟರಿಗೆ ಈ ಜ್ಞಾನೋದಯವಾದದ್ದು ಅರ್ಧ ಬೆಟ್ಟ ಹತ್ತಿ ಒಂದು ಬಂಡೆಗೆ ಒರಗಿ ನಿಂತಾಗ.

“ರೀ, ಚೀಲ ಇಲ್ಲಿ ಕೊಡಿ. ಏದುಸಿರು ಬಿಡ್ತಿದ್ದೀರಿ,” ಅಂದಳು ಹಿಂದೆ ಬರುತ್ತಿದ್ದ ಹೆಂಡತಿ.

“ನಾನಾ? ಗಾಳಿ ಹೇಗಿದೆ ಅಂತ ನೋಡ್ತಿದ್ದೆ.”

“ನೋಡಿ ನೋಡಿ. ಗಾಳೀನ ಬಾಯಿ ತೆಗೆದೇ ನೋಡಬೇಕು.”

ಮಾಸ್ಟರ್ ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ, ಬಟ್ಟೆ ಹೊಲಿಯುವ ಟೈಲರ್ ಮಾಸ್ಟರ್. ಬೀದಿಯಿಂದ ಮೂರು ಮೆಟ್ಟಿಲು ಹತ್ತಿದರೆ ಅವರ ಅಂಗಡಿ: ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ತಲೆಯಿಲ್ಲದ ಮರದ ಬೊಂಬೆ, ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಹಲಗೆ. ಗಿರಾಕಿ ಆ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಎದೆ, ಸೊಂಟ, ತೋಳು, ಕತ್ತು ಎಲ್ಲದರ ಅಳತೆ ಮಾಸ್ಟರ ಬಾಯಲ್ಲಿ ತಯಾರು. ಕೊರಳಲ್ಲಿ ಜೋತಾಡುವ ಟೇಪು ಬರೀ ಶೋಕಿಗೆ. ಊರೆಲ್ಲ ಅವರನ್ನು ಕರೆಯುವುದೇ ಕಣ್ಣಳತೆ ಮಾಸ್ಟರ್ ಅಂತ. ಅವರು ಅಂಕಿ ಕೂಗುತ್ತಾರೆ, ಹೆಂಡತಿ ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿಸುತ್ತಾಳೆ. ಇಪ್ಪತ್ತಾರು ವರ್ಷಗಳಿಂದ ಇದೇ ಪದ್ಧತಿ.

ಆಕೆಗೆ ಕತ್ತರಿಯಮ್ಮ ಎಂದು ಹೆಸರು ಬಿದ್ದಿತ್ತು. ಆ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮಾಸ್ಟರ್ ಅದರಿಂದ ಒಂದು ಲಕೋಟೆ ಕತ್ತರಿಸಿ, ಮೂರು ದಿನ ಮಾತಿಲ್ಲದ ಮನೆಯಲ್ಲಿ ಊಟ ಮಾಡಿದ್ದರು. ಆಮೇಲೆ ಆ ಕಡೆ ಕೈ ಚಾಚಿದವರಲ್ಲ.

ಈಗ ಸುಳ್ಳಿನ ವಿಷಯ. ಎಂಟು ತಿಂಗಳ ಹಿಂದೆ ಕಣ್ಣಿನ ಡಾಕ್ಟರು ಮಾಸ್ಟರ ಎಡಗಣ್ಣಿಗೆ ದೀಪ ಬಿಟ್ಟು ನೋಡಿ, “ಈ ಕಣ್ಣಿನ ನರ ಒಣಗಿದೆ. ಹೋದ ನೋಟ ಬರಲ್ಲ. ಬಲಗಣ್ಣು ಗಟ್ಟಿಯಾಗಿದೆ, ಹೆದರಬೇಡಿ. ಆದರೆ ದೂರ-ಹತ್ತಿರದ ಅಂದಾಜು ಕೆಡುತ್ತೆ. ಮೆಟ್ಟಿಲು ಇಳಿಯುವಾಗ ಜೋಪಾನ,” ಅಂದಿದ್ದರು. ಮಾಸ್ಟರ್ ಮನೆಗೆ ಬಂದು, ಗುಂಡಿ ತರಲು ಪೇಟೆಗೆ ಹೋಗಿದ್ದೆ ಅಂದರು. ಸಾಕ್ಷಿಗೆ ಒಂದು ಡಬ್ಬ ಕಂದು ಗುಂಡಿಯನ್ನೂ ತಂದಿದ್ದರು. ಕಂದು ಗುಂಡಿಯ ಅಂಗಿ ಆ ಊರಲ್ಲಿ ಯಾರೂ ತೊಡುತ್ತಿರಲಿಲ್ಲ.

ಟೇಪು ಹಿಡಿದೇ ಅಳೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಣ್ಣಳತೆ ಮಾಸ್ಟರ್ ಟೇಪು ಹಿಡಿದರೆ ಊರು ಏನೆಂದೀತು? ಊರು ಹಾಳಾಗಲಿ, ಅವಳು ಏನೆಂದಾಳು? ಅವರ ಭಯವೆಲ್ಲ ಅಲ್ಲೇ ಇತ್ತು. ಕಣ್ಣು ಹೋಯಿತೆಂದರೆ ಮೂಲೆಯ ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿಯುವುದೇ ಗತಿ, ಅವಳು ಒಬ್ಬಳೇ ದುಡಿಯುತ್ತ ಆಗಾಗ ಅಯ್ಯೋ ಪಾಪ ಎಂದು ತಮ್ಮ ಕಡೆ ನೋಡುತ್ತಾಳೆ. ಆ ನೋಟ ಅವರಿಗೆ ಬೇಡವಾಗಿತ್ತು.

ಒಂದು ರಾತ್ರಿ ಅಂಗಡಿಯಲ್ಲಿ ಒಬ್ಬರೇ ಇದ್ದಾಗ ಮರದ ಬೊಂಬೆಯ ಮೇಲೆ ಪರೀಕ್ಷೆ ಮಾಡಿಕೊಂಡರು. ತೋಳನ್ನು ಕಣ್ಣಲ್ಲಿ ಅಳೆದು, ಆಮೇಲೆ ಟೇಪಿನಲ್ಲಿ ಅಳೆದರು. ಕಣ್ಣು ಎರಡು ಬೆರಳು ಹೆಚ್ಚು ಹೇಳುತ್ತಿತ್ತು. ಮರುದಿನ ಬ್ಯಾಂಡ್ ಮಾಸ್ಟರ ಕೋಟಿನ ಅಳತೆ ಕೂಗುವಾಗ ಎರಡು ಬೆರಳು ತಾವೇ ಕಳೆದು ಹೇಳಿದರು. ಕೋಟು ಹೊಲಿದಾಯಿತು. ಬ್ಯಾಂಡ್ ಮಾಸ್ಟರ್ ಕೋಲು ಎತ್ತಿದೊಡನೆ ತೋಳು ಮೊಣಕೈ ಕಡೆ ಓಡಿತು, ಊರೆಲ್ಲ ನಕ್ಕಿತು. ಮಾಸ್ಟರ್ “ನನ್ನ ತಪ್ಪು” ಅಂದರು, ಹೆಂಡತಿ “ಇಲ್ಲ, ನನ್ನದು” ಅಂದಳು, ವಿಷಯ ಅಲ್ಲಿಗೆ ಮುಗಿಯಿತು. ಆಮೇಲೆ ಮಾಸ್ಟರ್ ಕಳೆಯುವುದನ್ನು ಬಿಟ್ಟು ಕಂಡಷ್ಟೇ ಹೇಳಿದರು. ಒಂದು ಬಟ್ಟೆಯೂ ವಾಪಸ್ಸು ಬರಲಿಲ್ಲ. ಹಾಗಾದರೆ ನನ್ನ ಕಣ್ಣೇ ಸರಿ, ಡಾಕ್ಟರೂ ಬೊಂಬೆಯೂ ತಪ್ಪು ಎಂದು ಅವರು ಅರ್ಧ ನಂಬಿದರು. ಇನ್ನರ್ಧ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಅಷ್ಟರಲ್ಲಿ ಹೆಂಡತಿ ಬೆಟ್ಟದ ಮಾತೆತ್ತಿದಳು. ದಾರದ ಕಂಪನಿಯ ಹಳೆಯ ಕ್ಯಾಲೆಂಡರೊಂದು ಅಂಗಡಿಯ ಗೋಡೆಯಲ್ಲಿತ್ತು. ತಾರೀಕುಗಳನ್ನು ಕತ್ತರಿಸಿ ಚಿತ್ರ ಮಾತ್ರ ಉಳಿಸಿಕೊಂಡಿದ್ದರು. ಎರಡು ಶಿಖರ, ಅವುಗಳ ನಡುವೆ ಗೋಡೆಯ ತುದಿಯಂಥ ಕಲ್ಲಿನ ಏಣು, ಎರಡೂ ಕಡೆ ಪ್ರಪಾತ. “ಇಲ್ಲಿಗೆ ಹೋಗಬೇಕು ರೀ, ಈ ವರ್ಷವೇ,” ಅಂದಳು. ಕುರ್ಚಿ ಹತ್ತಿದರೆ ತಲೆ ತಿರುಗುವ ಹೆಂಗಸು! ಬೇಡ ಎನ್ನಲು ಕಾರಣ ಹೇಳಬೇಕಿತ್ತು, ಕಾರಣ ಹೇಳಿದರೆ ಕಣ್ಣು ಹೊರಗೆ ಬೀಳುತ್ತಿತ್ತು. ಮಾಸ್ಟರ್ “ಓಹೋ, ಅದಕ್ಕೇನಂತೆ” ಅಂದುಬಿಟ್ಟರು. ಮಾಡಿದ್ದುಣ್ಣೋ ಮಹಾರಾಯ.

ಹೀಗೆ ಅಂಗಡಿಗೆ ಒಂದು ವಾರ ಬೀಗ ಬಿತ್ತು. ಎರಡು ಬಸ್ಸು, ಒಂದು ರೈಲು ಬದಲಿಸಿ ಬೆಟ್ಟದ ಬುಡದ ವಸತಿಗೃಹಕ್ಕೆ ಬಂದಿಳಿದರು. ಅದರ ಯಜಮಾನಿ ಬೆಳಿಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಡುತ್ತ ಮಾಸ್ಟರ ಕೊರಳ ಟೇಪನ್ನೇ ನೋಡಿದಳು. “ಬೆಟ್ಟ ಅಳೀತೀರಾ?” ಅಂದಳು. ಟೇಪು ಇಲ್ಲದೆ ಮಾಸ್ಟರಿಗೆ ಕತ್ತು ಬರಿದೆನಿಸುತ್ತಿತ್ತು, ಅಷ್ಟೇ. “ನಡುವೆ ಒಂದು ಕಡೆ ಕಲ್ಲು ಬಾಯಿ ಬಿಟ್ಟಿದೆ, ದಾಟಬೇಕು. ಮಧ್ಯಾಹ್ನಕ್ಕೆ ಮುಂಚೆ ಇಳಿದುಬಿಡಿ, ಆಮೇಲೆ ಗಾಳಿ ಏಳುತ್ತೆ,” ಎಂದು ಎಚ್ಚರಿಸಿ ಕಳಿಸಿದಳು.

ಏಣಿನ ಮೇಲೆ ಕಾಲಿಟ್ಟೊಡನೆ ಹೆಂಡತಿಯ ಮುಖ ಬಿಳಿಚಿತು. ಒಬ್ಬರು ನಡೆಯುವಷ್ಟೇ ಅಗಲ. ಎಡಕ್ಕೆ ನೋಡಿದರೆ ಮೋಡ, ಬಲಕ್ಕೆ ನೋಡಿದರೆ ಮೋಡವೂ ಇಲ್ಲ.

“ಕೆಳಗೆ ನೋಡಿದ್ರೆ ನಾನು ಬಿದ್ದೇ ಹೋಗ್ತೀನಿ,” ಅಂದಳು. “ನೀವು ಮುಂದೆ ನಡೀರಿ. ಅಂಗಡೀಲಿ ಹೇಳೋ ಹಾಗೆ ಅಳತೆ ಹೇಳ್ತಾ ಹೋಗಿ. ನಾನು ನಿಮ್ಮ ಟೇಪನ್ನೇ ನೋಡ್ಕೊಂಡು ಬರ್ತೀನಿ.”

“ವಾಪಸ್ ಹೋಗೋಣ ಕಣೇ. ಕ್ಯಾಲೆಂಡರ್ ಇದೆಯಲ್ಲ ಅಂಗಡೀಲಿ.”

“ಇಷ್ಟು ದೂರ ಬಂದು? ನಡೀರಿ ಅಂದ್ರೆ.”

ಮಾಸ್ಟರ್ ನಡೆದರು. “ಒಂದೂವರೆ ಅಡಿ, ಮೇಲಕ್ಕೆ.” ಅವಳು ಹತ್ತಿದಳು. “ಎರಡಡಿ, ನೇರ.” ಬಂದಳು. “ಮುಕ್ಕಾಲಡಿ ಕೆಳಗೆ, ಬಲಗಾಲು ಮೊದಲು.” ಇಳಿದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಮಾಸ್ಟರ್ ಮಾತ್ರ ಎರಡು ಸಲ ಎಡವಿದರು, ಎರಡು ಸಲವೂ ಕಲ್ಲನ್ನು ಬೈದರು. ಹಿಂದೆ ಅವಳ ಉಸಿರು ಕೇಳುತ್ತಿತ್ತು. ಇವಳು ನನ್ನ ಮಾತನ್ನೇ ನಂಬಿ ಗಾಳಿಯಲ್ಲಿ ಕಾಲಿಡುತ್ತಿದ್ದಾಳಲ್ಲ ಎಂದು ಯೋಚಿಸಿದಾಗ ಅವರ ಬೆನ್ನು ಬೆವರಿತು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದುಕೊಂಡರು. ಆದರೆ ಬಾಯಿಂದ ಬಂದದ್ದು, “ಎರಡು ಅಡಿ, ಸ್ವಲ್ಪ ಎಡಕ್ಕೆ.”

ಕಲ್ಲು ಬಾಯಿ ಬಿಟ್ಟ ಜಾಗ ಬಂತು. ಮಾಸ್ಟರ್ ಬಲಗಣ್ಣು ಕಿರಿದು ಮಾಡಿ ನೋಡಿದರು. ಮೂರು ಅಡಿ, ಮೇಲೆ ಮೂರು ಬೆರಳು. ಅಷ್ಟಕ್ಕೆ ಸರಿಯಾಗಿ ನೆಗೆದರು. ಕಂಡದ್ದಕ್ಕಿಂತ ಮೊದಲೇ ನೆಲ ಸಿಕ್ಕಿತು. ಕಾಲು ತಡವರಿಸಿ ಮಂಡಿಯೂರಿ ಬಿದ್ದರು. ಎದ್ದು, ಅಂಚಿನಿಂದ ಕಾಲು ಬಿದ್ದ ಜಾಗದವರೆಗೆ ಬೆರಳಿಟ್ಟು ನೋಡಿದರು: ಮೂರು ಬೆರಳು. ಅಂದರೆ ಬಿರುಕು ಮೂರೇ ಅಡಿ. ಎದೆಯಲ್ಲಿದ್ದ ಮುಳ್ಳು ಈಗ ಪೂರ್ತಿ ಒಳಕ್ಕಿಳಿಯಿತು. ಬೊಂಬೆ ಸುಳ್ಳು ಹೇಳಿರಲಿಲ್ಲ. ಅವಳಿಗಾದರೂ ಸರಿಯಾದ ಲೆಕ್ಕ ಹೇಳಬೇಕೆಂದು, ಕಂಡದ್ದರಲ್ಲಿ ಮೂರು ಬೆರಳು ಕಳೆದು ಕೂಗಿದರು:

“ಮೂರು ಅಡಿ, ನೇರ! ನನ್ನ ಕೈ ನೋಡು, ಬಾ!”

ಅವಳು ಬಂದಳು. ಪಾದ ಅಂಚಿನ ಸಡಿಲ ಹರಳಿನ ಮೇಲೆ ಬಿತ್ತು, ಸರಿಯಾಗಿ ಮೂರು ಬೆರಳು ಹಿಂದೆ. ಹರಳು ಜಾರಿತು, ಕಾಲು ಜಾರಿತು. ಮಾಸ್ಟರ್ ಎರಡೂ ಕೈಯಲ್ಲಿ ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಒರಗಿದರು. ಇಬ್ಬರೂ ಒಬ್ಬರ ಮೇಲೊಬ್ಬರು ಬಂಡೆಯ ಮೇಲೆ ಬಿದ್ದರು. ಹರಳು ಕೆಳಗುರುಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಮಾಸ್ಟರಿಗೆ ಅಳು ಬಂತು. ತಡೆಯಲು ನೋಡಿದರು, ಆಗಲಿಲ್ಲ.

“ನನ್ನ ಎಡಗಣ್ಣು ಹೋಗಿದೆ ಕಣೇ. ಎಂಟು ತಿಂಗಳಾಯ್ತು. ನಿನಗೆ ಹೇಳಲಿಲ್ಲ. ನಿನ್ನನ್ನ ಕೊಂದೇಬಿಡ್ತಿದ್ದೆ ನಾನು.”

ಅವಳು ಮೊಣಕಾಲಿನ ತರಚು ಗಾಯ ನೋಡಿಕೊಳ್ಳುತ್ತಿದ್ದಳು. ತಲೆಯೆತ್ತದೆಯೇ ಕೇಳಿದಳು: “ಈ ಮೂರು ಅಡಿ ಅಂದ್ರಲ್ಲ, ಕಂಡಷ್ಟೇ ಹೇಳಿದ್ರೋ, ಕಳೆದು ಹೇಳಿದ್ರೋ?”

“ಕಳೆದು. ಮೂರು ಬೆರಳು.”

“ನಾನೂ ಮೂರು ಬೆರಳು ಕಳೆದೆ.”

ಮಾಸ್ಟರ್ ಬೆರಳು ಮಡಚಿ ಎಣಿಸತೊಡಗಿದರು.

“ಒಂದು ಅಡಿಗೆ ಒಂದು ಬೆರಳು ಜಾಸ್ತಿ ಹೇಳ್ತೀರಿ ನೀವು,” ಅಂದಳು. “ಎಂಟು ತಿಂಗಳಿಂದ ಅಷ್ಟು ಕಳೆದೇ ಬಟ್ಟೆ ಕತ್ತರಿಸ್ತಿದ್ದೀನಿ. ಚಹಾ ಲೋಟದ ಪಕ್ಕಕ್ಕೆ ಸುರಿದಿರಲ್ಲ, ಆ ದಿನವೇ ಗೊತ್ತಾಯ್ತು. ಆಮೇಲೆ ಡಾಕ್ಟರ ಹತ್ರ ನಾನೂ ಹೋಗಿ ಕೇಳಿದೆ. ಗುಂಡಿ ತರೋಕೆ ಅಂತ ನಿಮಗೆ ಹೇಳಿ ಹೋಗಿದ್ದೆ.”

“ಆ ಬಿಳಿ ಗುಂಡಿ ಡಬ್ಬ?”

“ಹೂಂ. ಅಂಗಡಿ ಮೆಟ್ಟಿಲಿಗೆ ಬಿಳಿ ಪಟ್ಟಿ ಅಂಟಿಸಿದ್ದು ಯಾರಿಗೆ ಅಂದುಕೊಂಡ್ರಿ? ವಯಸ್ಸಾದ ಗಿರಾಕಿಗಳಿಗೆ ಅಂದ್ರೆ ನಂಬಿಬಿಟ್ರಿ.”

ಮಾಸ್ಟರಿಗೆ ಆಗ ಇನ್ನೊಂದು ಹೊಳೆಯಿತು. “ಹಾಗಾದ್ರೆ ಬ್ಯಾಂಡ್ ಮಾಸ್ಟರ ಕೋಟು...”

“ಅಲ್ಲೂ ಕಳೆದಿದ್ರಾ?”

“ಎರಡು ಬೆರಳು.”

“ನಾನೂ ಎರಡು! ಅಯ್ಯೋ ದೇವರೇ, ನಾನೇ ಎಲ್ಲೋ ಹಾಳು ಮಾಡಿದೆ ಅಂತ ನಿದ್ದೆಗೆಟ್ಟಿದ್ದೆ!”

ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಎರಡೂ ಕಡೆ ಪ್ರಪಾತವಿರುವ ಕಡೆ ಹಾಗೆಲ್ಲ ನಗಬಾರದು, ಆದರೆ ನಕ್ಕರು. ಮಾಸ್ಟರ್ ಕಣ್ಣೊರೆಸಿಕೊಂಡು, “ಮತ್ತೆ ಗೊತ್ತಿದ್ದೂ ನನ್ನನ್ನ ಯಾಕೆ ಮುಂದೆ ಬಿಟ್ಟೆ?” ಎಂದು ಕೇಳಿದರು.

“ನಿಮ್ಮ ತಪ್ಪು ಎಷ್ಟು ಅಂತ ನನಗೆ ಗೊತ್ತಲ್ಲ. ಎಷ್ಟು ಅಂತ ಗೊತ್ತಿದ್ರೆ ಅದು ತಪ್ಪಲ್ಲ ರೀ, ಅದೂ ಒಂದು ಅಳತೆ.” ಸೀರೆಯ ಧೂಳು ಕೊಡವುತ್ತ ಹೇಳಿದಳು: “ನೀವಾಗೇ ಹೇಳಲಿ ಅಂತ ಕಾದೆ. ಅಂಗಡೀಲಿ ಆ ಮಾತು ನಿಮ್ಮ ಗಂಟಲು ಬಿಟ್ಟು ಬರೋ ಹಾಗೆ ಕಾಣಲಿಲ್ಲ. ಬೆಟ್ಟಕ್ಕೆ ಬಂದ್ರೆ ಬಂದೀತು ಅನ್ನಿಸ್ತು. ಮತ್ತೆ ಈ ಬೆಟ್ಟ ನನಗೇನೂ ಬೇಕಿರಲಿಲ್ಲ. ಒಂದು ಕಣ್ಣಾದ್ರೂ ಗಟ್ಟಿಯಾಗಿರುವಾಗ ನಿಮಗೆ ತೋರಿಸಬೇಕಿತ್ತು.”

ಮಾಸ್ಟರ್ ಅವಳ ಮುಖವನ್ನು ಹುಡುಕಿದರು. ತಾವು ಎಂಟು ತಿಂಗಳು ಹೆದರಿದ್ದ ಆ ಅಯ್ಯೋ ಪಾಪದ ನೋಟ ಅಲ್ಲೆಲ್ಲೂ ಇರಲಿಲ್ಲ. ಒಂದಿಷ್ಟು ಸಿಟ್ಟಿತ್ತು, ಬೇಕಾದಷ್ಟು ಪ್ರೀತಿಯಿತ್ತು, ಮೂಗಿನ ತುದಿಗೆ ಧೂಳು ಮೆತ್ತಿತ್ತು. ಟೇಪಿನ ತುದಿಯಿಂದ ಆ ಧೂಳನ್ನು ಒರೆಸಿದರು.

“ಏಳಿ,” ಅಂದಳು. “ಇನ್ನು ಮೇಲೆ ಕಂಡದ್ದನ್ನ ಕಂಡಷ್ಟೇ ಹೇಳಿ. ಕಳೆಯೋದು ನನಗೆ ಬಿಡಿ.”

ಉಳಿದ ದಾರಿಯನ್ನು ಹಾಗೆಯೇ ದಾಟಿದರು. ಅವರಿಗೆ ದೂರ ತಿಳಿಯದು, ಅವಳಿಗೆ ಕೆಳಗೆ ನೋಡಲಾಗದು. ಇಬ್ಬರನ್ನೂ ಸೇರಿಸಿದರೆ ಒಬ್ಬ ಗಟ್ಟಿ ಮನುಷ್ಯನಾಗುತ್ತಿದ್ದ. ಆಚೆ ಶಿಖರದಲ್ಲಿ ಕೂತು ಮೊಟ್ಟೆ ಸುಲಿಯುವಾಗ ಗೊತ್ತಾಯಿತು, ಕ್ಯಾಲೆಂಡರಿನ ಆ ನೋಟ ಅಲ್ಲಿಂದ ಕಾಣುವುದೇ ಇಲ್ಲ. ಚಿತ್ರ ತೆಗೆದವನು ಇನ್ಯಾವುದೋ ಬೆಟ್ಟದ ಮೇಲೆ ನಿಂತಿದ್ದ. “ಹೋಗಲಿ ಬಿಡಿ, ಅದನ್ನ ಅಂಗಡೀಲೇ ನೋಡಿದರಾಯ್ತು,” ಅಂದಳು ಹೆಂಡತಿ. ಗಾಳಿ ಏಳುವ ಮುಂಚೆ ಅದೇ ದಾರಿಯಲ್ಲಿ ಹಿಂದಿರುಗಿದರು. ಕಲ್ಲು ಬಾಯಿ ಬಿಟ್ಟಲ್ಲಿ ಮಾಸ್ಟರ್ ಗಟ್ಟಿಯಾಗಿ, “ಮೂರು ಅಡಿ ಮೂರು ಬೆರಳು!” ಎಂದು ಕೂಗಿದರು. ಅವಳು ಮೂರಡಿ ದಾಟಿ ಬಂದು ಅವರ ಪಕ್ಕದಲ್ಲಿ ನಿಂತಳು.

ಮುಂದಿನ ಸೋಮವಾರ ಅಂಗಡಿಯ ಬಾಗಿಲು ತೆರೆಯಿತು. ಮೊದಲ ಗಿರಾಕಿ ಬ್ಯಾಂಡ್ ಮಾಸ್ಟರೇ. “ಈ ಸಲ ತೋಳು ಕೈ ತನಕ ಬರಲಿ ಮಹಾರಾಯರೇ,” ಎನ್ನುತ್ತ ಮೆಟ್ಟಿಲು ಹತ್ತಿ ಬಂದ. ಅಭ್ಯಾಸಬಲ, ಮಾಸ್ಟರ್ ಅಂಕಿ ಕೂಗಲು ಬಾಯಿ ತೆರೆದರು. ಹೆಂಡತಿ ಹತ್ತಿರ ಬಂದು ಅವರ ಕೊರಳಿನ ಟೇಪನ್ನು ಮೆಲ್ಲಗೆ ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು.

ಮಾಸ್ಟರ್ ಮೂಲೆಯ ಸ್ಟೂಲಿನ ಕಡೆ ತಿರುಗಿದರು. ಹೇಗೂ ಇದು ಬರಲೇಬೇಕಿತ್ತು. ಗುಂಡಿಯಂತೂ ಎರಡು ಡಬ್ಬ ಇದೆ.

“ಆ ಕಡೆ ಎಲ್ಲಿಗೆ?” ಅಂದಳು ಹೆಂಡತಿ. “ಹಲಗೆ ಹತ್ರ ಬನ್ನಿ. ಹಲಗೆ ಮೇಲೆ ಬಟ್ಟೆ ಮಲಗಿರುತ್ತೆ, ಅಲ್ಲಿ ದೂರ ಇಲ್ಲ, ಹತ್ತಿರ ಇಲ್ಲ. ಗೆರೆ ಕಾಣೋಕೆ ಒಂದು ಕಣ್ಣು ಧಾರಾಳ ಆಯ್ತು.”

ಸೆರಗಿನಿಂದ ಒಮ್ಮೆ ಒರೆಸಿ, ತನ್ನ ಕತ್ತರಿಯನ್ನು ಅವರ ಕೈಗಿಟ್ಟಳು.

ಇಪ್ಪತ್ತಾರು ವರ್ಷಗಳಲ್ಲಿ ಅದರ ತೂಕವನ್ನೇ ಮಾಸ್ಟರ್ ಮರೆತಿದ್ದರು. ಹಿಡಿ ಅವಳ ಕೈಯಿಂದ ಇನ್ನೂ ಬೆಚ್ಚಗಿತ್ತು. ಅವಳು ಟೇಪು ಚಾಚಿ ಬ್ಯಾಂಡ್ ಮಾಸ್ಟರ ತೋಳು ಅಳೆದು ಅಂಕಿ ಹೇಳಿದಳು. ಆಮೇಲೆ ಹೆಗಲ ಮೇಲಿಂದ ತಿರುಗಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು:

“ಎರಡು ಬೆರಳು ಕಳೆದ್ರೋ, ಜೋಕೆ!”

“ಇಲ್ಲ ಮಾರಾಯ್ತಿ,” ಅಂದರು ಮಾಸ್ಟರ್. ಹೇಳಿದಷ್ಟಕ್ಕೇ ಗೆರೆ ಎಳೆದರು. ಆ ಗೆರೆಯ ಮೇಲೆಯೇ ಕತ್ತರಿಸಿದರು.