ನೆಗೆ: ಏಳನೆಯ ಅರ್ಥ

ನಾನು ಒಂದು ಚೀಟಿ. ನಿಘಂಟು ಕಚೇರಿಯಲ್ಲಿ ದಪ್ಪ ಕಾಗದವನ್ನು ಅಂಗೈಯಗಲಕ್ಕೆ ಕತ್ತರಿಸಿದಾಗ ಹುಟ್ಟಿದೆ. ಊರೂರು ಅಲೆದು ಪದ ಕೂಡಿಹಾಕುವ ನಳಿನಾಕ್ಷಿ ನನ್ನ ನೆತ್ತಿಯ ಮೇಲೆ 'ನೆಗೆ' ಎಂದು ಬರೆದಳು. ಜಿಂಕೆ ನೆಗೆಯುವುದು, ಕಾಲುವೆ ನೆಗೆದು ದಾಟುವುದು ಎಂದು ಆ ಪದಕ್ಕೆ ಆಗಲೇ ಆರು ಅರ್ಥ ಸಿಕ್ಕಿದ್ದವು. ಏಳನೆಯದು ನನಗೇ ಎಂದು ನನಗೆ ಜಂಬ.

ಚಳ್ಳಕೆರೆ ಕಡೆಯ ಒಂದು ಊರಲ್ಲಿ ಬಾವಿ ತೋಡುತ್ತಿದ್ದರು. ತೋಡುವವರಲ್ಲೇ ಹಿರಿಯನಾದ ಮುದುಕ ತಿಪ್ಪಯ್ಯ ಮಣ್ಣಿನ ಗುಡ್ಡೆಯ ಮೇಲೆ ಸುಧಾರಿಸಿಕೊಳ್ಳುತ್ತ ಹೇಳಿದ:

"ಗೋಡೆ ನೆಗದೈತೆ ಅಂದ್ರೆ ಹೊಟ್ಟೆ ಉಬ್ಬಿಸ್ಕೊಂಡು ಮುಂದಕ್ಕೆ ಬಂದೈತೆ ಅಂತ ಕಣವ್ವ. ಇನ್ನೇನು ಬೀಳ್ತದೆ. ಆ ಮಾತು ಕೇಳಿದ್ರೆ ಗುದ್ಲಿ ಅಲ್ಲೇ ಬಿಟ್ಟು ಮ್ಯಾಕೆ ಬಂದ್ಬಿಡಬೇಕು. ಇದು ಪುಸ್ತಕದಾಗೆ ಬತ್ತದಾ?"

"ಬಂದೇ ಬರುತ್ತೆ ಅಜ್ಜ," ಎಂದಳು ನಳಿನಾಕ್ಷಿ, ಅವನ ಮಾತನ್ನು ನನ್ನ ಮೇಲೆ ಬರೆದುಕೊಳ್ಳುತ್ತ. ಅಷ್ಟು ಸಲೀಸಾಗಿ ಮಾತು ಕೊಡಬಾರದಿತ್ತು.

ಕಚೇರಿಯಲ್ಲಿ ಸಂಪಾದಕರು ನನ್ನನ್ನು ತಿರುಗಿಸಿ ನೋಡಿದರು. "ಒಬ್ಬನೇ ಹೇಳಿದ ಅರ್ಥ ಅಚ್ಚಿಗೆ ಹೋಗಲ್ಲಮ್ಮ. ಇನ್ನೊಂದು ಮನೆಯವರ ಬಾಯಲ್ಲೂ ಬರಬೇಕು. ಒಂದು ತಿಂಗಳು ಟೈಮಿದೆ."

ನಾವು ಮತ್ತೆ ಹೋದಾಗ ಬಾವಿ ಇರಲಿಲ್ಲ. ಮಣ್ಣು ತುಂಬಿತ್ತು. ತಿಪ್ಪಯ್ಯನ ಹೆಂಡತಿ ಮಾರಕ್ಕ ಶೆಡ್ಡಿನ ಮುಂದೆ ಕೂತಿದ್ದಳು.

"ಮೊದ್ಲು ಕಂಡಿದ್ದು ಅವನೇ ಕಣವ್ವ. 'ನೆಗದೈತೆ, ನಡೀರಿ ಮ್ಯಾಕೆ' ಅಂತ ಕೂಗ್ದ. ನಾಕು ಜನ ಬಂದ್ರು. ಏಣಿ ಒಂದೇ. ಅವನ ಸರದಿ ಬರ್ಲಿಲ್ಲ."

ಆ ನಾಲ್ವರು ಕೆಲಸ ಬಿಟ್ಟು ಯಾವ ಊರಿಗೋ ಹೋಗಿದ್ದರು. ನಳಿನಾಕ್ಷಿಗೆ ಪೆನ್ನು ತೆಗೆಯಲು ನಾಚಿಕೆ. ಮಾರಕ್ಕನೇ ಅಂದಳು, "ಬರ್ಕಳವ್ವ. ಅವಂದು ಅಂತ ಉಳಿದಿರಾದು ಆ ಮಾತೊಂದೇ." ನನ್ನ ಹಿಂದಿದ್ದ ಖಾಲಿ ಚೀಟಿಯಲ್ಲಿ ಅವಳ ಮಾತನ್ನು ಬರೆದದ್ದಾಯಿತು.

ಸಂಪಾದಕರು ಕೆಟ್ಟವರಲ್ಲ. ಎರಡನ್ನೂ ಓದಿ ಕನ್ನಡಕ ತೆಗೆದರು. "ಪಾಪ. ಆದರೆ ಗಂಡ ಹೆಂಡತಿ ಒಂದೇ ಮನೆ ಅಲ್ಲವೇನಮ್ಮ?" ನಮ್ಮಿಬ್ಬರಿಗೂ ಒಂದು ಗುಂಡುಸೂಜಿ ಚುಚ್ಚಿ 'ಕೈಬಿಟ್ಟವು' ಎಂಬ ಡಬ್ಬಕ್ಕೆ ಹಾಕಿದರು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಪುಸ್ತಕ ಬಂತು. ಅದನ್ನು ನೋಡಲೆಂದೇ ಮಾರಕ್ಕ ಬಸ್ಸು ಹತ್ತಿ ಕಚೇರಿಗೆ ಬಂದಳು. ಅವಳಿಗೆ ಓದು ಬರದು. ನಳಿನಾಕ್ಷಿ ಪುಟ ತೆರೆದು, ಅವಳ ಬೆರಳು ಹಿಡಿದು ಒಂದು ಸಾಲಿನ ಮೇಲಿಟ್ಟಳು. "ಇಲ್ಲೇ ಮಾರಕ್ಕ."

"ಇಷ್ಟೇ ಇಷ್ಟು ಅವ್ನೆ ನಮ್ಮವ್ನು," ಎಂದು ಮಾರಕ್ಕ ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು. ಅದು ಜಿಂಕೆಯ ಸಾಲು.

ಈಗ ನಾನು ಹಳದಿಯಾಗಿದ್ದೇನೆ. ಸೂಜಿ ತುಕ್ಕು ಹಿಡಿದು ನಾವಿಬ್ಬರೂ ಅಂಟಿಕೊಂಡಿದ್ದೇವೆ. ಆ ಮಧ್ಯಾಹ್ನ ಮಾತ್ರ ಮರೆಯಲಾರೆ. ಅವಳ ಗಂಡನ ಮಾತು ಅವಳಿಂದ ಎರಡು ಮಾರು ದೂರದಲ್ಲಿ, ನನ್ನ ಮೈಮೇಲೆ ಇತ್ತು. ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ.