ಮೊದಲ ದಿನವೇ ಸಾವು

ಹಾಲಿವುಡ್ಡಿಗೆ ಬಂದ ಮೊದಲ ದಿನವೇ ಹೆಸ್ಟರ್ ಕ್ವಿಲನ್ ಸಾಯಬೇಕಾಗಿ ಬಂತು. ಮೂವತ್ತು ವರ್ಷ ಊರೂರು ತಿರುಗಿ ನಾಟಕಗಳಲ್ಲಿ ಸತ್ತವಳೇ, ಆದರೆ ಯಾವತ್ತೂ ಕೊನೆಯ ಅಂಕದಲ್ಲಿ. ಸಿನಿಮಾದವರ ರೀತಿಯೇ ಬೇರೆ. ಮಲಗುವ ಕೋಣೆಯ ಸೆಟ್ಟನ್ನು ಮಧ್ಯಾಹ್ನಕ್ಕೆ ಬಿಚ್ಚಿ, ಅದೇ ಹಲಗೆಗಳಲ್ಲಿ ಇನ್ನೊಂದು ಚಿತ್ರಕ್ಕೆ ಹಡಗು ಕಟ್ಟಬೇಕಿತ್ತು. ಹಾಗಾಗಿ ಅವಳು ಆಡುವ ತಾಯಿಗೆ ಸಾವು ಇವತ್ತು. ಮದುವೆ, ಬಾಣಂತನ ಮುಂದಿನ ವಾರ.

ಹತ್ತು ಗಂಟೆಗೆ ಮಗಳ ಪರಿಚಯವಾಯಿತು. ಓಪಲ್ ಎಂಬ ಹುಡುಗಿ ಕೈ ಕುಲುಕಿ, "ಬಿಸಿಲು ಜಾಸ್ತಿ ಅಲ್ವಾ ಮೇಡಂ?" ಎಂದಳು. ಹನ್ನೊಂದಕ್ಕೆ ಅದೇ ಹುಡುಗಿಯ ತೋಳಿನಲ್ಲಿ ಹೆಸ್ಟರ್ ಪ್ರಾಣ ಬಿಟ್ಟಳು. ನಾಟಕದ ಗ್ಯಾಲರಿಯ ಕೊನೆಯ ಬೆಂಚಿಗೂ ಕಾಣುವಂತೆ ಕೈ ಚಾಚಿ, ಎದೆ ಹಿಡಿದು, ಕಣ್ಣು ತಿರುಗಿಸಿ ಬಿಟ್ಟಳು. ಕ್ಯಾಮರಾ ಇದ್ದದ್ದು ಎಂಟಡಿ ದೂರದಲ್ಲಿ. ಫಿಲ್ಮು ಓಡಿಸಲು ಅದರ ಹಿಡಿ ತಿರುಗಿಸುತ್ತಿದ್ದವನು ನಗು ತಡೆಯಲಾರದೆ ಕೈ ನಿಲ್ಲಿಸಿದ.

"ಅಮ್ಮಾ, ಸಾಯಿರಿ ಅಂದ್ರೆ ಹಕ್ಕಿ ಓಡಿಸ್ತೀರಲ್ಲ!" ಎಂದ ನಿರ್ದೇಶಕ ಫ್ರೇ. "ಹೊರಗೆ ಬೆಂಚಿನ ಮೇಲೆ ಇನ್ನೊಬ್ಬರು ಕಾಯ್ತಿದ್ದಾರೆ. ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ವೋ, ಪಾತ್ರ ಅವರಿಗೆ."

ಸೆಟ್ಟು ಬಿಚ್ಚಲು ಬಂದಿದ್ದ ಬಡಗಿ ಗಸ್ ಸುತ್ತಿಗೆ ತೂಗುತ್ತ, "ಬೇಗ ಸಾಯಿಸಿ ಸ್ವಾಮಿ, ನಮಗೂ ಕೆಲ್ಸ ಇದೆ" ಎಂದು ಗೊಣಗಿದ.

ಹೆಸ್ಟರ್‌ಗೆ ಮೈಯೆಲ್ಲ ಉರಿಯಿತು. ಆದರೆ ತಪ್ಪು ತನ್ನದೇ ಎಂದೂ ಗೊತ್ತಿತ್ತು. ಬದುಕದೆ ಸಾಯುವುದು ಅವಳಿಗೆ ಬರುತ್ತಿರಲಿಲ್ಲ. ಅವಳು ಓಪಲ್‌ಳ ರಟ್ಟೆ ಹಿಡಿದಳು.

"ಬಾರೇ, ಮೊದ್ಲು ನಿನ್ನನ್ನ ಹೆರ್ತೀನಿ. ಆಮೇಲೆ ಸಾಯ್ತೀನಿ."

ಬಣ್ಣ ಬಳಿದ ಗೋಡೆಯ ಹಿಂದಿನ ಖಾಲಿ ಜಾಗದಲ್ಲಿ ಹೆಸ್ಟರ್ ಇಡೀ ಕಥೆ ಆಡಿದಳು. ಮದುವಣಗಿತ್ತಿಯಾಗಿ ನಾಚಿದಳು, ರೊಟ್ಟಿ ಸುಟ್ಟು ಗಂಡನಿಂದ ಬೈಸಿಕೊಂಡಳು. ಓಪಲ್‌ಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜ್ವರದ ಮಗುವನ್ನು ಕಾದಳು. ಹೇಳಿದ್ದು ಕೇಳದೆ ಮನೆಬಿಟ್ಟು ಹೋಗುವ ಮಗಳಿಗೆ, "ಹೋಗು, ಇತ್ತ ತಲೆ ಹಾಕ್ಬೇಡ!" ಎಂದು ಇಲ್ಲದ ಬಾಗಿಲನ್ನು ದಢಾರನೆ ಮುಚ್ಚಿದಳು. ಓಪಲ್ ಬೆಚ್ಚಿ ಹಿಂದೆ ಸರಿದಳು. ಪಕ್ಕದ ಸೆಟ್ಟುಗಳಲ್ಲಿ ಬಡಿಯುತ್ತಿದ್ದ ಸುತ್ತಿಗೆಗಳು ಒಂದೊಂದಾಗಿ ನಿಂತವು.

ಇಪ್ಪತ್ತು ನಿಮಿಷದ ನಂತರ ಅವಳು ಹೋಗಿ ಮಂಚದ ಮೇಲೆ ಮಲಗಿದಳು. ಕ್ಯಾಮರಾದವನು ಹಿಡಿ ತಿರುಗಿಸಿದ. ಈ ಸಲ ಹೆಸ್ಟರ್ ಕೈ ಚಾಚಲಿಲ್ಲ. ಮರಳಿ ಬಂದ ಮಗಳ ಅಂಗಿತೋಳಿನ ಗುಂಡಿ ಬಿಚ್ಚಿಕೊಂಡಿದ್ದು ಕಂಡು ಹಾಕಲು ಹೋದಳು. ಅರ್ಧ ಹಾಕಿದಳು. ಬೆರಳು ಅಲ್ಲೇ ನಿಂತಿತು.

ಮಾತಿಲ್ಲದ ಚಿತ್ರ, ಅಳುವ ಸದ್ದು ಯಾರಿಗೂ ಬೇಕಿರಲಿಲ್ಲ. ಆದರೂ ಓಪಲ್ ಬಿಕ್ಕಿ ಬಿಕ್ಕಿ ಅತ್ತಳು. ಫ್ರೇ ನಿಲ್ಲಿಸು ಎನ್ನುವುದನ್ನೇ ಮರೆತ. ರೀಲು ಮುಗಿದಾಗಲೇ ಕ್ಯಾಮರಾ ನಿಂತದ್ದು. ಆಮೇಲೆ ಅವನು ಬೆಂಚಿನ ಮೇಲಿದ್ದವರನ್ನು ಮನೆಗೆ ಕಳಿಸಲು ಹೇಳಿದ.

ಹೆಸ್ಟರ್ ಎದ್ದು ಕುಳಿತು ಬೂಟಿನ ದಾರ ಕಟ್ಟತೊಡಗಿದಳು. ಒಳಗೊಳಗೇ ಹೆಮ್ಮೆ ಉಕ್ಕುತ್ತಿತ್ತು. ಸಾವಿರ ಜನರ ಚಪ್ಪಾಳೆ ಕಂಡವಳಿಗೆ, ಚಪ್ಪಾಳೆಯಿಲ್ಲದ ಈ ಬೆಳಗು ಅದಕ್ಕಿಂತ ದೊಡ್ಡದಾಗಿ ಕಂಡಿತು.

"ಗಸ್, ಹನ್ನೆರಡಾಯ್ತು. ಮಂಚ ಬಿಚ್ಚಯ್ಯ" ಎಂದ ಫ್ರೇ.

ಗಸ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ. ಹೆಸ್ಟರ್ ಅವನ ಎದುರೇ ಕುಳಿತಿದ್ದಳು, ದಾರದ ಗಂಟು ಬಿಗಿಯುತ್ತ.

"ಈಗ್ಲೇ ಹೇಗ್ ಬಿಚ್ಲಿ ಸ್ವಾಮಿ?" ಎಂದ ಅವನು ಮೆಲ್ಲಗೆ. "ಆಯಮ್ಮ ಈಗ ತಾನೆ ಹೋಗಿದ್ದಾರೆ."