ಮಾಬೂಬಿಯ ಭಟ್ಟಿಯಲ್ಲಿ ನಾನು ಹುರಿದ ಮಂಡಕ್ಕಿ

ದುಃಖದಲ್ಲಿದ್ದವರಿಗೆ ಸಮಾಧಾನ ಹೇಳುವುದರಲ್ಲಿ ಇಡೀ ದಾವಣಗೆರೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಹಾಗೆಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳಿದ್ದು ಇನ್ನೂ ನನ್ನ ಕಿವಿಗೆ ಬಿದ್ದಿಲ್ಲ. ಎಮ್ಮೆ ಸತ್ತಿತೆಂದು ಅಳುತ್ತಿದ್ದ ಉಜ್ಜನಪ್ಪನ ಮುಂದೆ ಕೂತು, ನಮ್ಮ ವಂಶದಲ್ಲಿ ಸತ್ತ ದನಕರುಗಳ ಕಥೆಯನ್ನೆಲ್ಲ ಹೇಳಿದ್ದೆ. ಮಧ್ಯಾಹ್ನದ ಹೊತ್ತಿಗೆ ಆತ ಎಮ್ಮೆಯನ್ನು ಮರೆತು, ಈ ಮುದುಕಿ ಯಾವಾಗ ಏಳುತ್ತಾಳೋ ಎಂದು ಅಳುತ್ತಿದ್ದ.

ಹತ್ತಿ ಮಿಲ್ಲಿನ ಸೈರನ್ ಕೇಳಿ ಊರು ಏಳುತ್ತಿದ್ದ ಕಾಲ ಅದು. ನಮ್ಮ ಮನೆಯ ಹಿಂದೆಯೇ ಮಾಬೂಬಿಯ ಮಂಡಕ್ಕಿ ಭಟ್ಟಿ. ನನ್ನ ಯಜಮಾನರು ತೀರಿಕೊಂಡಾಗ ನೆಂಟರೆಲ್ಲ ಬುದ್ಧಿ ಹೇಳಿ, ಊಟ ಮಾಡಿ ಹೋದರು. ಮಾಬೂಬಿ ಮಾತ್ರ ದಿನಾ ಸಂಜೆ ಸೆರಗಿನಲ್ಲಿ ಬಿಸಿ ಮಂಡಕ್ಕಿ ತಂದು ಮುಂದಿಟ್ಟು, ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಿದ್ದಳು. ಅವಳು ಮಾತಾಡುತ್ತಿರಲಿಲ್ಲವಾದ್ದರಿಂದ ಅವಳ ಪಾಲಿನ ಮಾತನ್ನೂ ನಾನೇ ಆಡಿದೆ. ಆಮೇಲೆ ಅದೇ ಚಟವಾಗಿ, ನಾನೇ ಭಟ್ಟಿಗೆ ಹೋಗಿ ಕೂರತೊಡಗಿದೆ. ವರುಷಗಟ್ಟಲೆ ಕೂತೆ.

ಒಂದು ಬೇಸಿಗೆಯಲ್ಲಿ ಅವಳ ಗಂಡ ಮಕ್ತುಮ್ ಸಾಬ್ ಗಾಡಿಗೆ ಚೀಲ ಹೇರುವಾಗ ಬಿದ್ದು ಸೊಂಟ ಮುರಿದುಕೊಂಡ. ಭಟ್ಟಿಗೆ ಹೊಟ್ಟು ಹಾಕುವವಳೂ ಅವಳೇ, ಬಿಸಿ ಮರಳಲ್ಲಿ ಅಕ್ಕಿ ಹುರಿಯುವವಳೂ ಅವಳೇ, ಗಂಡನ ಮಗ್ಗುಲು ಬದಲಿಸುವವಳೂ ಅವಳೇ. ಒಂದು ಬೆಳಿಗ್ಗೆ ಭಟ್ಟಿಯಿಂದ ಹೊಗೆಯೇ ಏಳಲಿಲ್ಲ. ಹೋಗಿ ನೋಡಿದರೆ ಮಾಬೂಬಿ ಗೋಡೆಗೆ ಒರಗಿ ಕೂತಿದ್ದಳು. ಹರಿಹರದಿಂದ ಅವಳ ಅಣ್ಣ ಕುತುಬುದ್ದೀನ್ ಮಧ್ಯಾಹ್ನ ಮೆಟಡಾರ್ ತರುತ್ತಾನಂತೆ. ಬಾಂಡ್ಲಿ, ಜರಡಿ, ಗಂಡ, ಹೆಂಡತಿ ಎಲ್ಲವೂ ಅದರಲ್ಲೇ ಹೊರಡುವುದಂತೆ.

"ಸಾಕಾತು ಸಿದ್ದಮ್ಮಕ್ಕ. ಕೈ ಎತ್ತಾಕೂ ಆಗವಲ್ದು. ಅಣ್ಣನ ಮನಿ ಮೂಲ್ಯಾಗ ಬಿದ್ದಿರ್ತೀವಿ," ಎಂದಳು.

ನಾನು ಸಮಾಧಾನ ಶುರು ಮಾಡಿದೆ. ನನ್ನ ಮಂಡಿನೋವು, ನನ್ನ ಓರಗಿತ್ತಿಯ ಕಾಟ, ಮಾಯಕೊಂಡದಲ್ಲಿ ಸೊಂಟ ಮುರಿದು ಮತ್ತೆ ಏಳದೇ ಹೋದ ಒಬ್ಬ ಸಂಬಂಧಿಕನ ಕಥೆ. ಒಂದೊಂದು ಕಥೆಗೂ ಅವಳ ತಲೆ ಒಂದೊಂದು ಗೇಣು ಕೆಳಗಿಳಿಯಿತು. ಕೊನೆಗೆ ನನಗೂ ಅದು ಕಂಡಿತು. ಬಾಯಿಂದ ಆಗದ್ದನ್ನು ಕೈಯಿಂದ ಮಾಡೋಣವೆಂದು, ನೀನು ಮಲಗು, ಇವತ್ತಿನ ಮಂಡಕ್ಕಿ ನನ್ನದು ಎಂದು ಎದ್ದೆ. ಇಷ್ಟು ವರುಷ ಭಟ್ಟಿಯ ಮುಂದೆ ಕೂತವಳಿಗೆ ಕಲಿಯುವುದೇನಿದೆ? ಆದರೆ ಅಷ್ಟೂ ವರುಷ ನಾನು ನೋಡಿದ್ದು ನನ್ನ ಮಾತು ಕೇಳುವ ಅವಳ ಮುಖವನ್ನು, ಬಾಂಡ್ಲಿಯನ್ನಲ್ಲ.

ಹೊಟ್ಟಿಗೆ ಬೆಂಕಿ ಹಚ್ಚಿದೆ. ಎದ್ದ ಹೊಗೆಗೆ ಪಿ.ಜೆ. ಬಡಾವಣೆಯವರೆಲ್ಲ ಕಿಟಕಿ ಮುಚ್ಚಿಕೊಂಡಿರಬೇಕು. ಕಾಳು ಹಾಕಿದರೆ ಸಿಡಿಯುವಷ್ಟು ಮರಳು ಕಾಯಬೇಕಂತೆ. ನನ್ನದು ಹಸುಗೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು. ಅದಕ್ಕೇ ಅಕ್ಕಿ ಸುರಿದೆ. ಅದು ಹೊಸ ಅಳಿಯನ ಹಾಗೆ ಅಲುಗಾಡದೆ ಮಲಗಿತು. ಅಕ್ಕಿ ಅಂದಮೇಲೆ ನೀರು ಬೇಡವೇ ಎಂದು ಒಂದು ಚೊಂಬು ಹೊಯ್ದೆ. ಕಲಸಿದಾಗ ಆದ ಗಾರೆಯಲ್ಲಿ ನಿಜಲಿಂಗಪ್ಪ ಬಡಾವಣೆಯಲ್ಲಿ ಎರಡಂತಸ್ತಿನ ಮನೆ ಕಟ್ಟಬಹುದಿತ್ತು. ಆದರೂ ಸೋಲೊಪ್ಪದೆ ಒಂದಿಷ್ಟು ಬಾಯಿಗೆ ಹಾಕಿ ಕಡಿದೆ. ಮುಂದಿನ ಹಲ್ಲು ಫಟ್ಟೆಂದು ಮುರಿಯಿತು.

ಒಳಗಿನ ಮಂಚದಿಂದ ಮಕ್ತುಮ್ ಸಾಬ್, "ಏನದು, ಬಾಂಡ್ಲಿ ಒಡೀತಾ?" ಎಂದ.

ಮಾಬೂಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಹೊಟ್ಟೆ ಹಿಡಿದುಕೊಂಡಳು. ನಕ್ಕು ನಕ್ಕು ಕಣ್ಣೀರು ಬಂದ ಮೇಲೆ, ಅದೇ ಕಣ್ಣಲ್ಲಿ ಸಿಟ್ಟೂ ಬಂತು.

"ಅತ್ಲಾಗ ಸರೀರಿ ಅಕ್ಕ. ನಮ್ಮ ಮಾವ ಕಟ್ಟಿದ್ ಭಟ್ಟಿ ಇದು. ಕಡೀ ದಿನ ಇಂಥಾ ಮಂಡಕ್ಕಿ ಮಾಡಿ ಹೋದ್ಲು ಮಾಬೂಬಿ ಅಂತ ಅನಿಸ್ಕಂಡು ಹೋಗ್ಲಾ ನಾನು?"

ನನ್ನ ಗಾರೆಯನ್ನು ಹೊರಗೆ ಚೆಲ್ಲಿ, ಬೇರೆ ಮರಳು ಹಾಕಿ, ಸೆರಗು ಸಿಕ್ಕಿಸಿದಳು. ಒಂದೇ ಒಬ್ಬೆ ಹುರಿದುಬಿಡುತ್ತೇನೆ ಎಂದಳು. ಅದು ಮಲ್ಲಿಗೆಯ ಹಾಗೆ ಅರಳಿತು. ಮರಳು ಕಾದಿದೆಯಲ್ಲ, ಇನ್ನೊಂದು ಎಂದಳು. ನಾನು ಉಸಿರೆತ್ತದೆ ಹೊಟ್ಟು ಹಾಕಿದೆ. ಮುರಿದ ಹಲ್ಲಿನ ನೋವಿಗೆ ಮಾತಾಡಲು ಬರುವಂತೆಯೂ ಇರಲಿಲ್ಲ.

ಕುತುಬುದ್ದೀನ್ ಬಂದಾಗ ಬಾಂಡ್ಲಿ ಮುಟ್ಟಿದರೆ ಸುಡುವಂತಿತ್ತು. ಹೇರುವುದು ಹೇಗೆ ಎಂದು ನಿಂತ. ಮಾಬೂಬಿ ಅವನ ಕೈಗೆ ಜರಡಿ ಕೊಟ್ಟಳು.

"ಆರೋತನಕ ಇದನ್ ಹಿಡಿ, ಅಣ್ಣಾ."

ಸಂಜೆಯವರೆಗೂ ಅವಳು ಅದನ್ನು ಆರಲು ಬಿಡಲಿಲ್ಲ. ಕೊನೆಗೆ, ಹೊಟ್ಟು ಹಾಕುವುದಕ್ಕೊಂದು ಕೈ ಸಿಕ್ಕರೆ ತಾನು ಇಲ್ಲೇ ಉಳಿದುಕೊಳ್ಳುತ್ತೇನೆ ಎಂದಳು. ಎರಡು ಕೈಯೂ ಇವೆ ಎಂದು ನಾನು ಎತ್ತಿ ತೋರಿಸಿದೆ. ಮೆಟಡಾರ್ ಖಾಲಿಯಾಗಿ ಹರಿಹರಕ್ಕೆ ಹೋಯಿತು. ವಾರದ ರಜೆಗೆ ಬಂದು ಚೀಲ ಹೇರುತ್ತೇನೆಂದು ಕುತುಬುದ್ದೀನ್ ಒಪ್ಪಿಕೊಂಡ. ಅವತ್ತಿನಿಂದ ನಾನು ಹೊಟ್ಟಿನ ಕಡೆಯವಳು. ನೀರಿನ ಚೊಂಬನ್ನು ಮಾತ್ರ ನನ್ನ ಕೈಗೆ ಎಟುಕದ ಕಡೆ ಇಡುತ್ತಾರೆ.

ಎಲ್ಲ ಮುಗಿದ ಮೇಲೆ ಮಾಬೂಬಿ ಮಂಡಕ್ಕಿಯನ್ನು ನನ್ನ ಹಲ್ಲಿಗಾಗಿ ನೀರಲ್ಲಿ ನೆನೆಸಿ, ಒಗ್ಗರಣೆ ಹಾಕಿ ತಂದು ಪಕ್ಕದಲ್ಲಿ ಕೂತಳು. ಇಬ್ಬರೂ ಸುಮ್ಮನಿದ್ದೆವು. ಅವಳು ಮೊದಲಿನಿಂದಲೂ ಹಾಗೆಯೇ. ನನ್ನ ಬಾಯಿ ಮಾತ್ರ ಮಂಡಕ್ಕಿಯಿಂದ ತುಂಬಿತ್ತು.